ನನ್ನ ಮಾತಿನ ಸಮಯ ಅವರಿಗೆ

"ಬಾಗಿಲು ತೆಗೆದಿದೆ, ಮೇಡಂ."

ಕಿಟಕಿಯ ಮೇಲೆ ಒಂದು ಕಾಲು ಒಳಗೂ ಇನ್ನೊಂದು ಕಾಲು ಹೊರಗೂ ಹಾಕಿ ಕೂತಿದ್ದವಳು ಆ ದನಿಗೆ ಬೆಚ್ಚಿಬಿದ್ದಳು. ಹೆಗಲಿನ ಚೀಲ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ಹೊರಗೆ ಹುಲ್ಲಿನ ಮೇಲೆ ಇಡೀ ಅಧ್ಯಾಪಕರ ಸಂಘ ತಲೆಯೆತ್ತಿ ಅವಳನ್ನೇ ನೋಡುತ್ತಿತ್ತು.

ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಬೆಳಿಗ್ಗೆಯೇ ಬೀಗ ಬಿದ್ದಿತ್ತು. ಅಧ್ಯಾಪಕರು ಸಭೆ ಸೇರಬಾರದು ಎಂದು ಸರ್ಕಾರದಿಂದ ಫೋನ್ ಬಂದಿತ್ತಂತೆ! ಕೇಳಿದ ಮೇಲೆ ಸಂಘದ ಅಧ್ಯಕ್ಷೆ ಸುಮ್ಮನಿರುತ್ತಾಳೆಯೇ? ಭೌತವಿಜ್ಞಾನ ಕಲಿಸುವ ಅವಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರೇ ಗುಡುಗು ಮೇಡಂ. ಕಿಟಕಿಯಿಂದ ಇಳಿದು ಪಕ್ಕದ ಬಾಗಿಲಿನ ಅಗುಳಿ ತೆಗೆಯುತ್ತೇನೆ ಎಂದು ಹತ್ತಿಯೇಬಿಟ್ಟಿದ್ದಳು.

ಈಗ ನೋಡಿದರೆ ಒಳಗೆ ಯಾರೋ ನಿಂತಿದ್ದಾನೆ. ತೆಳ್ಳಗಿನ ಮೈ, ಕನ್ನಡಕ, ಮೊಣಕೈವರೆಗೆ ಮಡಚಿದ ತೋಳು. ಬೆರಳಿನಲ್ಲಿ ಬೀಗದ ಕೈ!

"ಯಾರ್ರೀ ನೀವು? ಒಳಗೆ ಹೇಗೆ ಬಂದ್ರಿ?"

"ಬಾಗಿಲಿಂದ." ಅವನು ಮೆಲ್ಲಗೆ ನಕ್ಕ. "ಕಾನೂನು ವಿಭಾಗಕ್ಕೆ ಹೊಸದಾಗಿ ಸೇರಿದ್ದೀನಿ. ಸಭಾಂಗಣ ಸರ್ಕಾರದ್ದಲ್ಲ, ವಿಶ್ವವಿದ್ಯಾಲಯದ್ದು ಅಂತ ನಿಯಮದಲ್ಲೇ ಇದೆ. ಕುಲಸಚಿವರಿಗೆ ಅದನ್ನ ಓದಿ ಹೇಳ್ದೆ, ಬೀಗದ ಕೈ ಕೊಟ್ರು."

"ಕೇಳಿದ್ದಕ್ಕೇ ಕೊಟ್ಟುಬಿಟ್ರಾ?"

"ಇದುವರೆಗೆ ಯಾರೂ ಕೇಳಿರಲಿಲ್ಲವಂತೆ."

ಹೊರಗೆ ಯಾರೋ ಕಿಸಕ್ಕೆಂದರು. ಅವಳ ಮುಖ ಕೆಂಡವಾಯಿತು. ಸಿಟ್ಟಿನಲ್ಲಿ ಧುಮುಕಲು ಹೋದಳು. ಚೀಲ ಹಿಂದಕ್ಕೆ ಜಗ್ಗಿತು, ಕಾಲು ಜಾರಿತು...

"ಹಿಡ್ಕೊಳ್ಳಿ!"

ಅವಳ ಎರಡೂ ಕೈ ಅವನ ಹೆಗಲ ಮೇಲಿದ್ದವು. ಕಣ್ಣಿಗೆ ಕಣ್ಣು ತೀರಾ ಹತ್ತಿರ. ಎದೆ ಡವಗುಟ್ಟಿತು. 'ಬೀಳೋ ಭಯಕ್ಕೆ ಅಷ್ಟೇ' ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು.

ಸಭೆ ತುಂಬಿತು. ಸರ್ಕಾರ ಹೊಸ ಮಸೂದೆ ತಂದಿತ್ತು. ಇನ್ನು ಮೇಲೆ ಯಾರು ಪಾಠ ಮಾಡಬೇಕು, ಏನು ಪಾಠ ಮಾಡಬೇಕು, ಯಾವ ಸಂಶೋಧನೆ ಅಚ್ಚಾಗಬೇಕು ಎಂಬುದನ್ನೆಲ್ಲ ಶಿಕ್ಷಣ ಸಚಿವರ ಕಚೇರಿಯೇ ತೀರ್ಮಾನಿಸುತ್ತದೆ! ಅದರ ರುಚಿ ಆಗಲೇ ಸಿಕ್ಕಿತ್ತು. ಹೊಸ ಸುರಂಗ ಮಾರ್ಗದ ಮೇಲಿನ ಗುಡ್ಡ ಸಡಿಲವಾಗಿದೆ ಎಂದು ಬರೆದ ಭೂವಿಜ್ಞಾನದ ಹಿರಿಯ ಮೇಡಂರನ್ನು ಒಂದು ಮಾತೂ ಕೇಳದೆ ಅಮಾನತು ಮಾಡಿದ್ದರು. ಅವರು ಅಧ್ಯಕ್ಷೆಗೆ ಗುರುಗಳು. ತಾಯಿಯಷ್ಟೇ ಹತ್ತಿರದವರು.

"ನಾಳೆಯಿಂದಲೇ ಮುಷ್ಕರ!" ಅವಳು ಗುಡುಗಿದಳು. ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅದೇ ಕನ್ನಡಕ!

"ನೋಟಿಸ್ ಕೊಡದೆ ಮುಷ್ಕರ ಮಾಡಿದ್ರೆ ಸಂಘವನ್ನೇ ರದ್ದು ಮಾಡ್ತಾರೆ ಮೇಡಂ. ಅವರು ಕಾಯ್ತಿರೋದೇ ಅದಕ್ಕೆ. ಶಾಸಕರ ಸಮಿತಿ ಇಲ್ಲಿಗೇ ಬಂದು ಎಲ್ಲರ ಎದುರು ನಮ್ಮ ಮಾತು ಕೇಳಲಿ ಅಂತ ಒತ್ತಾಯ ಮಾಡೋಣ. ಮೊದಲು ಬಹಿರಂಗ ವಿಚಾರಣೆ... ಆಮೇಲೆ ಮುಷ್ಕರ."

'ಸೇರಿ ಎರಡು ದಿನ ಆಗಿಲ್ಲ, ನನಗೇ ಬುದ್ಧಿ ಹೇಳ್ತಾನೆ!' ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಹೇಳಿದ್ದು ಸರಿ ಎಂದು ಅವಳಿಗೂ ಗೊತ್ತಾಯಿತು. ಉರಿ ಇನ್ನೂ ಹೆಚ್ಚಾಯಿತು!

ಅಂದಿನಿಂದ ಮೆಟ್ಟಿಲ ಕೆಳಗಿನ ಸಂಘದ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂರುವಂತಾಯಿತು. ಇಳಿಜಾರಿನ ಚಾವಣಿ, ಅಂಟಿನ ವಾಸನೆ, ಸದಾ ಕುದಿಯುವ ಚಹಾದ ಕೆಟಲ್. ಅವಳು ಮನವಿ ಬರೆಯುತ್ತಿದ್ದಳು, ಅವನು ತಿದ್ದುತ್ತಿದ್ದ.

"ಇಲ್ಲೊಂದು ಅಲ್ಪವಿರಾಮ ಹಾಕಿ ಮೇಡಂ."

"ಸರ್ಕಾರ ನಮ್ಮ ಕತ್ತು ಹಿಡಿದಿದೆ, ನಿಮಗೆ ಅಲ್ಪವಿರಾಮದ ಚಿಂತೆ!"

"ಹಾಕದಿದ್ರೆ ನಾವೇ ಸರ್ಕಾರದ ಕತ್ತು ಹಿಡಿದ ಹಾಗೆ ಅರ್ಥ ಬರುತ್ತೆ."

ಸಂಘದ ಖಜಾಂಚಿಯಾಗಿದ್ದ ದಪ್ಪ ಮೀಸೆಯ ಪಿಟಿ ಮೇಷ್ಟ್ರು ಬಿದ್ದುಬಿದ್ದು ನಕ್ಕರು. ಆ ದಿನದಿಂದ ಅವನ ಹೆಸರು ಕಾಮಾ ಮೇಷ್ಟ್ರು ಎಂದೇ ಆಯಿತು.

ಮನೆಯಲ್ಲಿ ಅವಳ ಬೈಗುಳ ಕೇಳಿ ಕೇಳಿ ಅಕ್ಕನಿಗೆ ಸಾಕಾಗಿತ್ತು. "ಅಲ್ಲ ಕಣೇ, ಬೆಳಗಿಂದ ಅವರ ವಿಷಯ ಬಿಟ್ಟು ಬೇರೆ ಮಾತಾಡಿದ್ದೀಯಾ?"

"ಬೈತಾ ಇದ್ದೀನಿ ಕಣೇ ಅಕ್ಕ!"

"ಬೈಯೋಕೂ ಇಷ್ಟು ಖುಷೀನಾ?" ಅಕ್ಕ ಕಣ್ಣು ಮಿಟುಕಿಸಿದಳು. ಅಮ್ಮ ಒಳಗಿನಿಂದಲೇ ಕೂಗಿ ಹೇಳಿದಳು, "ಒಂದಿನ ಊಟಕ್ಕೆ ಕರೆದುಬಿಡೇ, ನಾನೂ ಬೈತೀನಿ!"

ಒಂದು ಮುಂಜಾನೆ ಇಬ್ಬರೂ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದರು. ಗಾಳಿಗೆ ಕಾಗದ ಹಾರದಂತೆ ಅವಳು ಅಂಗೈ ಒತ್ತಿದಳು. ಅದೇ ಜಾಗಕ್ಕೆ ಅವನ ಕೈಯೂ ಬಂತು. ಇಬ್ಬರ ಬೆರಳೂ ಅಂಟಿನಲ್ಲಿ ಅಂಟಿಕೊಂಡವು.

"ಬಿಡಿಸ್ಕೊಳ್ಳಿ..." ಅಂದಳು.

"ನೀವೇ ಬಿಡಿಸ್ಕೊಳ್ಳಿ."

ಇಬ್ಬರೂ ಬಿಡಿಸಿಕೊಳ್ಳಲಿಲ್ಲ. ಪೋಸ್ಟರಿನ 'ಸ್ವಾಯತ್ತತೆ ಉಳಿಸಿ' ಎಂಬ ಅಕ್ಷರಗಳ ಮೇಲೆ ಎಳೆಬಿಸಿಲು ಬಿದ್ದಿತ್ತು. ಅವನು ಏನೋ ಹೇಳಲು ಬಾಯಿ ತೆರೆದ.

"ಮೇಡಂ, ನಿಮಗೊಂದು ವಿಷಯ ಹೇಳ್ಬೇಕು. ನನ್ನ ಮನೆಯವರ ಬಗ್ಗೆ..."

ಅಷ್ಟರಲ್ಲಿ ಪಿಟಿ ಮೇಷ್ಟ್ರು ಏದುಸಿರು ಬಿಡುತ್ತ ಓಡಿ ಬಂದರು. "ಒಪ್ಪಿಬಿಟ್ರು! ಶಾಸಕರ ಸಮಿತಿ ಬರುತ್ತಂತೆ! ನಮ್ಮ ಸಭಾಂಗಣದಲ್ಲೇ ಬಹಿರಂಗ ವಿಚಾರಣೆ!"

ಅವಳು ಕುಣಿದುಬಿಟ್ಟಳು. ಅವನ ಮಾತು ಗಂಟಲಲ್ಲೇ ಉಳಿಯಿತು.

ವಿಚಾರಣೆಗೆ ಇನ್ನೊಂದೇ ದಿನ ಉಳಿದಿತ್ತು. ವಿಚಾರಣೆಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಸಮಿತಿಯವರ ಜೊತೆ ಮಾತಾಡಲು ಅವಳು ಅತಿಥಿಗೃಹಕ್ಕೆ ಹೋಗಿದ್ದಳು. ಮೆಟ್ಟಿಲ ಮೇಲೆ ಶಿಕ್ಷಣ ಸಚಿವರು ನಿಂತಿದ್ದರು. ಅವರ ಕೈ ಯಾರದೋ ಹೆಗಲ ಮೇಲಿತ್ತು.

ಆ ಹೆಗಲು ಅವಳಿಗೆ ಗೊತ್ತಿತ್ತು!

"ನಮ್ಮ ಅಕ್ಕನ ಮಗ," ಸಚಿವರು ಪಕ್ಕದವರಿಗೆ ಹೇಳುತ್ತಿದ್ದರು. "ಇವನು ಅವರ ಸಂಘದ ಒಳಗೇ ಇರೋವಾಗ ನನಗ್ಯಾಕೆ ಚಿಂತೆ?"

ಅವಳು ಬಂದ ದಾರಿಯಲ್ಲೇ ತಿರುಗಿದಳು. 'ಗೂಢಚಾರ! ನನ್ನ ಎದುರಿಗೇ ಕೂತು, ನನ್ನ ಮನವಿ ತಿದ್ದಿ... ಮುಷ್ಕರ ನಿಲ್ಲಿಸಿದ್ದು ಇದಕ್ಕಾ? ಆ ಬೆರಳು... ಆ ನಗು... ಎಲ್ಲಾ ನಾಟಕಾನಾ?'

ಆ ಮಧ್ಯಾಹ್ನ ಸಂಘದ ಕೋಣೆಗೆ ಅವನು ಬಂದಾಗ ಪದಾಧಿಕಾರಿಗಳೆಲ್ಲ ನೆರೆದಿದ್ದರು.

"ಸಚಿವರು ನಿಮಗೇನಾಗ್ಬೇಕು?" ಅವಳ ದನಿ ನಡುಗುತ್ತಿತ್ತು.

ಅವನ ಮುಖ ಬಿಳಿಚಿತು. "ಸೋದರಮಾವ."

"ಇಷ್ಟು ದಿನ ಯಾಕೆ ಮುಚ್ಚಿಟ್ರಿ?"

"ಹೇಳಿದ್ರೆ ನನ್ನ ಮಾತು ಯಾರೂ ಕೇಳ್ತಿರಲಿಲ್ಲ. ತಪ್ಪು ನನ್ನದೇ... ಇವತ್ತು ಅಲ್ಲಿಗೆ ಯಾಕೆ ಹೋಗಿದ್ದೆ ಅಂದ್ರೆ..."

"ಬೇಡ! ಒಂದು ಮಾತೂ ಬೇಡ! ನಾಳೆ ನಮ್ಮ ಕಡೆ ನೀವು ಕೂರೋ ಹಾಗಿಲ್ಲ. ಹೊರಡಿ!"

ಅವನು ಒಮ್ಮೆ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ತಗ್ಗಿನ ಬಾಗಿಲಿಗೆ ತಲೆ ಬಗ್ಗಿಸಿ ಅವನು ಹೊರಟುಹೋದ.

ಸಂಜೆ ಅವಳು ಭೂವಿಜ್ಞಾನದ ಮೇಡಂ ಮನೆಗೆ ಹೋದಳು. ಊರಗಲ ಮೇಜಿನ ಮೇಲೆ ಕಲ್ಲುಗಳ ರಾಶಿ. ಮೇಡಂ ಭೂತಗನ್ನಡಿ ಕೆಳಗಿಟ್ಟು ಅವಳ ಕತೆ ಪೂರ್ತಿ ಕೇಳಿದರು.

"ಅವನು ಯಾರ ಅಳಿಯ ಅಂತ ನನಗೆ ಮೊದಲೇ ಗೊತ್ತಿತ್ತಮ್ಮ."

"ಗೊತ್ತಿತ್ತಾ! ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಅದು ಅವನು ಹೇಳ್ಬೇಕಾದ ಮಾತು. ಹೋಗ್ಲಿ, ಅಲ್ಲಿಗೆ ಯಾಕೆ ಹೋಗಿದ್ದ ಅಂತ ಕೇಳಿದ್ಯಾ?"

ಅವಳು ಮೇಜಿನ ಮೇಲಿನ ಒಂದು ಕಲ್ಲನ್ನೆತ್ತಿ ತಿರುಗಿಸತೊಡಗಿದಳು.

"ನನ್ನನ್ನ ಅಮಾನತು ಮಾಡಿದಾಗ ಊರೆಲ್ಲ ಕೇಳೋ ಹಾಗೆ ಕೂಗಿದ್ಯಲ್ಲ, ಒಂದು ಮಾತೂ ಕೇಳದೆ ಶಿಕ್ಷೆ ಕೊಟ್ರು ಅಂತ..." ಮೇಡಂ ಅವಳ ಕೆನ್ನೆ ಸವರಿದರು. "ಈಗ ನೀನು ಮಾಡಿದ್ದೇನು, ಪುಟ್ಟಿ?"

ಅವಳಿಗೆ ಅಳು ಒತ್ತರಿಸಿ ಬಂತು. ಅಲ್ಲಿಂದಲೇ ಫೋನ್ ಮಾಡಿದಳು. ಸ್ವಿಚ್ ಆಫ್! ಅವನ ಬಾಡಿಗೆ ಕೋಣೆಗೆ ಓಡಿದಳು. ಬಾಗಿಲು ಹಾಕಿತ್ತು. 'ದೇವರೇ... ಇನ್ನೊಮ್ಮೆ ಸಿಕ್ಕರೆ ಸಾಕು. ಕೇಳ್ತೀನಿ... ಪೂರ್ತಿ ಕೇಳ್ತೀನಿ!'

ಮರುದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳ ಮೇಲೂ ವಿದ್ಯಾರ್ಥಿಗಳು! ವೇದಿಕೆಯ ಮೇಲೆ ಸಮಿತಿ, ಅದರ ನಡುವೆ ಬೆಳ್ಳಿಗೂದಲಿನ ಹಿರಿಯ ಶಾಸಕಿ. ಮುಂದಿನ ಸಾಲಿನಲ್ಲಿ ಸಚಿವರು.

"ಅರ್ಹತೆ ಕಾಪಾಡೋದಕ್ಕೇ ಈ ಮಸೂದೆ," ಸಚಿವರ ದನಿ ಬೆಣ್ಣೆಯಂತಿತ್ತು. "ಇವರಿಗೆ ಬೇಕಾದವರನ್ನ ಇವರೇ ಸೇರಿಸ್ಕೊಳ್ತಾರೆ. ಅದನ್ನ ತಪ್ಪಿಸಬೇಡವೇ?"

ಗುಸುಗುಸು ಎದ್ದಿತು. ಸಮಿತಿಯವರು ತಲೆಯಾಡಿಸುತ್ತಿದ್ದರು. ಮುಂದಿನ ಸರದಿ ಅವಳದು. ಮೈಕಿನ ಮುಂದೆ ನಿಂತಳು. ಬಾಯಿಪಾಠ ಮಾಡಿದ ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು.

ಆಗ ಹಿಂದಿನಿಂದ ಒಂದು ಕೈ ಮೇಲೆದ್ದಿತು.

"ನನಗೂ ಮಾತಾಡೋಕೆ ಅವಕಾಶ ಕೊಡಿ."

ಅವನೇ! ಕೆಂಪಾದ ಕಣ್ಣು, ಮುದುಡಿದ ಅಂಗಿ.

ಶಾಸಕಿ ಹುಬ್ಬು ಗಂಟಿಕ್ಕಿದರು. "ಸರ್ಕಾರದ ಕಡೆಯವರು, ಸಂಘದ ಕಡೆಯವರು ಮಾತ್ರ ಮಾತಾಡ್ಬಹುದು. ನೀವು ಯಾರ ಕಡೆ?"

ಅವನು ತಲೆ ತಗ್ಗಿಸಿದ. ಸಚಿವರು ನಸುನಗುತ್ತ ಕೈ ಬೀಸಿ ಕರೆದರು. "ಬಾಪ್ಪಾ, ನಮ್ಮ ಕಡೆಯಿಂದ ಮಾತಾಡು!"

ಅವಳ ತಲೆಯಲ್ಲಿ ಬಿರುಗಾಳಿ ಎದ್ದಿತು. 'ಅವನು ಮಾವನ ಪರವಾಗಿಯೇ ಮಾತಾಡಿಬಿಟ್ಟರೆ? ಇಷ್ಟೂ ಜನರ ಹೋರಾಟ... ಮೇಡಂ ಕೆಲಸ... ಎಲ್ಲ ಮುಗಿದ ಹಾಗೆ!' ಪಿಟಿ ಮೇಷ್ಟ್ರು ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರು.

ಅವಳು ಮೈಕನ್ನು ಬಿಗಿಯಾಗಿ ಹಿಡಿದಳು.

"ನನ್ನ ಮಾತಿನ ಸಮಯ ಅವರಿಗೆ ಕೊಡ್ತೀನಿ!"

ಅವನು ನಂಬಲಾಗದವನಂತೆ ಅವಳನ್ನು ನೋಡಿದ. "ಪೂರ್ತಿ ಸಮಯ," ಎಂದಳು. "ನಿನ್ನೆ ಕೊಡಬೇಕಾಗಿತ್ತು. ಕೊಡಲಿಲ್ಲ."

ಅವನು ಮುಂದೆ ಬಂದ.

"ನಾನು ಸಚಿವರ ಅಕ್ಕನ ಮಗ. ಅಮ್ಮ ಹೋದ್ಮೇಲೆ ನನ್ನನ್ನ ಸಾಕಿ, ಓದಿಸಿದವರು ಮಾವ. ಇವತ್ತು ಅವರ ವಿರುದ್ಧ ಮಾತಾಡ್ತೀನಿ ಅಂತ ಮುಖಾಮುಖಿ ಹೇಳೋದಕ್ಕೇ ನಿನ್ನೆ ಅವರ ಹತ್ತಿರ ಹೋಗಿದ್ದೆ. ಅವರು ನಕ್ಕುಬಿಟ್ರು. ನಾನು ಮಾತಾಡೋ ಧೈರ್ಯ ಮಾಡ್ತೀನಿ ಅಂತ ಅವರು ನಂಬಲೇ ಇಲ್ಲ."

ಸಚಿವರ ನಗು ಮಾಯವಾಯಿತು.

"ಈ ಕೆಲಸಕ್ಕೆ ನಾನು ಮೊದಲ ಸಲ ಅರ್ಜಿ ಹಾಕಿದಾಗ ಮಾವ ಇಲ್ಲಿಗೆ ಫೋನ್ ಮಾಡಿದ್ರು. ಆದ್ರೂ ಆಯ್ಕೆ ಸಮಿತಿ ನನ್ನನ್ನ ಬೇಡ ಅಂತು. ನನಗೆ ಕಾನೂನು ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೇ ಬೇಡ ಅಂದ್ರು. ಆ ಸಮಿತಿಯ ಹಿರಿಯರು ಇಲ್ಲೇ ಕೂತಿದ್ದಾರೆ."

ಎಲ್ಲರ ಕಣ್ಣೂ ಭೂವಿಜ್ಞಾನದ ಮೇಡಂ ಕಡೆ ತಿರುಗಿದವು. ಮೇಡಂ ಶಾಂತವಾಗಿ ಕೈಕಟ್ಟಿ ಕೂತಿದ್ದರು.

"ಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಓದಿದೆ. ಮಾವನಿಗೆ ಹೇಳದೆ ಇನ್ನೊಂದು ಸಲ ಬಂದೆ, ಗೆದ್ದೆ. ಇವತ್ತು ಮಕ್ಕಳ ಮುಂದೆ ತಲೆಯೆತ್ತಿ ನಿಲ್ತೀನಿ ಅಂದ್ರೆ ಅದಕ್ಕೆ ಕಾರಣ ಒಂದೇ. ಈ ವಿಶ್ವವಿದ್ಯಾಲಯಕ್ಕೆ ಸಚಿವರಿಗೂ 'ಆಗಲ್ಲ' ಅನ್ನೋ ಹಕ್ಕಿತ್ತು!" ಅವನು ಸಮಿತಿಯ ಕಡೆ ತಿರುಗಿದ. "ಆ ಹಕ್ಕನ್ನೇ ಈ ಮಸೂದೆ ಕಿತ್ತುಕೊಳ್ಳುತ್ತೆ. ಹಾಗಾದ್ರೆ ನಾಳೆ ಗುಡ್ಡ ಸಡಿಲವಾಗಿದೆ ಅಂತ ಹೇಳೋರು ಯಾರಿರ್ತಾರೆ? ನನ್ನಂಥ ಅಳಿಯಂದಿರು ಮಾತ್ರ ಇರ್ತಾರೆ."

ಕಿಟಕಿಯ ಮೇಲೆ ಕೂತ ವಿದ್ಯಾರ್ಥಿಗಳು ಚಪ್ಪಾಳೆ ಶುರುಮಾಡಿದರು. ಸಭಾಂಗಣವೇ ಎದ್ದು ನಿಂತಿತು! ಪಿಟಿ ಮೇಷ್ಟ್ರು ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹಾಕಿದರು. ಸಚಿವರು ಅಳಿಯನ ಮುಖ ನೋಡದೆ ಹೊರಟುಹೋದರು.

ಮಧ್ಯಾಹ್ನವೇ ತೀರ್ಮಾನ ಬಂತು. ಮಸೂದೆಯನ್ನು ವಾಪಸ್ ಕಳಿಸಲು ಸಮಿತಿ ಒಮ್ಮತದಿಂದ ನಿರ್ಧರಿಸಿತ್ತು. ಅಮಾನತು ರದ್ದು ಮಾಡಬೇಕೆಂದೂ ಶಿಫಾರಸು ಮಾಡಿತ್ತು! ಜನ ಅವಳನ್ನು ಮುತ್ತಿಕೊಂಡರು. ಹಾರ, ಹಸ್ತಲಾಘವ, ಕೂಗು... ಅವಳ ಕಣ್ಣು ಮಾತ್ರ ಒಬ್ಬನನ್ನೇ ಹುಡುಕುತ್ತಿತ್ತು.

ಅವನು ಗ್ರಂಥಾಲಯದ ಹಿಂದಿನ ಕಲ್ಲುಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಅವಳು ಓಡುತ್ತಲೇ ಬಂದಳು.

"ಕ್ಷಮಿಸಿ..." ಏದುಸಿರಿನಲ್ಲಿ ಅಷ್ಟೇ ಹೊರಬಂತು. "ನಿಮ್ಮ ಮಾತು ಕೇಳದೆ ಕಳಿಸಿಬಿಟ್ಟೆ. ದೊಡ್ಡ ನ್ಯಾಯದ ಅಧ್ಯಕ್ಷೆ ನಾನು!"

"ನಾನೂ ಮುಚ್ಚಿಟ್ಟೆನಲ್ಲ. ಮೊದಲೇ ಹೇಳ್ಬೇಕಿತ್ತು."

"ಮಾವ ಏನಂದ್ರು?"

"ಇನ್ನು ಮನೆ ಕಡೆ ಬರಬೇಡ ಅಂತ ಹೇಳಿ ಕಳಿಸಿದ್ದಾರೆ." ನಗಲು ನೋಡಿದ, ಆಗಲಿಲ್ಲ. "ಕೋಪ ಇಳಿದ್ರೆ ಕರೀತಾರೆ. ನಾನೇ ಹೋಗಿ ಕಾಲು ಹಿಡೀತೀನಿ. ಆದ್ರೆ ಆಡಿದ ಮಾತನ್ನ ಮಾತ್ರ ವಾಪಸ್ ತಗೊಳ್ಳಲ್ಲ."

ಅವಳ ಕಣ್ಣು ತುಂಬಿದವು. ಪಕ್ಕದಲ್ಲಿ ಕೂತು ಅವನ ಕೈ ತನ್ನ ಕೈಯೊಳಗೆ ತೆಗೆದುಕೊಂಡಳು. ಸಾವಿರ ಜನರ ಮುಂದೆ ಗುಡುಗುವವಳ ದನಿ ಈಗ ಪಿಸುಮಾತಾಗಿತ್ತು.

"ನಿಮ್ಮನ್ನ ಕಳಿಸಿದ ಮೇಲೇ ಗೊತ್ತಾಯ್ತು... ನಿಮ್ಮ ಜೊತೆ ಜಗಳ ಆಡದ ದಿನ ನನಗೆ ದಿನವೇ ಅಲ್ಲ. ನನಗೆ ನೀವು ಬೇಕು ರೀ."

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಇಷ್ಟು ಹೇಳಿದ ಮೇಲೆ ನಾನೇನು ತಿದ್ದಲಿ? ನನಗೂ ಅಷ್ಟೇ... ಆ ಕಿಟಕಿಯಿಂದ ನೀವು ಜಾರಿದ ದಿನದಿಂದ."

ದೂರದಲ್ಲಿ ಇನ್ನೂ ಘೋಷಣೆ ಕೇಳುತ್ತಿತ್ತು. ಅವಳು ಎದ್ದು ನಿಂತು, ಹಿಡಿದ ಕೈ ಬಿಡದೆ ಎಳೆದಳು.

"ಏಳಿ, ನಮ್ಮ ಮನೆಗೆ ಹೋಗೋಣ. ಅಮ್ಮ ಊಟಕ್ಕೆ ಕಾಯ್ತಿದ್ದಾಳೆ."

"ನಾನು ಯಾರು ಅಂತ ಕೇಳಿದ್ರೆ ಏನು ಹೇಳ್ತೀರ?"

"ನಮ್ಮವರು ಅಂತೀನಿ."

"ಅಂದ್ರೆ... ನಮ್ಮ ಸಂಘದವರು ಅಂತಾನಾ?"

ಅವಳ ಮುಖ ಕೆಂಪಾಯಿತು. ತಲೆಯಲ್ಲಾಡಿಸಿದಳು.

"ಅಲ್ಲ ರೀ. ಬರೀ... ನಮ್ಮವರು."