ಕಿಚ್ಚು ಹಾಯ್ದ ಲೂನಾ

"ಎತ್ತಿಲ್ಲ, ಎಮ್ಮೆ ಇಲ್ಲ, ಒಂದು ಮೇಕೆನೂ ಇಲ್ಲ. ಸಂಕ್ರಾಂತಿಗೆ ನಿಮ್ಮನೇಲಿ ಏನೇ ಕಿಚ್ಚು ಆಯಿಸ್ತೀರಾ? ಆ ಲೂನಾನಾ?"

ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಎತ್ತಿನ ಬೆನ್ನು ಉಜ್ಜುತ್ತಿದ್ದ ಕಾಂತರಾಜು ಹೀಗೆ ಕೇಳಿದ್ದೇ ತಡ, ಹುಡುಗರೆಲ್ಲ ಹೋ ಎಂದು ನಕ್ಕರು. ಎತ್ತು ಬಾಲ ಬೀಸಿ ನೀರೆರಚಿತು. ಅದೂ ನಕ್ಕಿತೆಂದೇ ದಡದಲ್ಲಿ ನಿಂತಿದ್ದ ಪೂಜಾಳಿಗೆ ಅನ್ನಿಸಿತು.

ಬೆಟ್ಟದಪುರದ ಬೆಟ್ಟ ಕಾಣುವ ಆ ಊರಲ್ಲಿ ಸಂಕ್ರಾಂತಿ ಅಂದರೆ ದನಗಳ ಹಬ್ಬ. ಬೆಳಿಗ್ಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬಲೂನು ಕಟ್ಟುತ್ತಾರೆ. ಸಂಜೆ ಊರ ಮುಂದೆ ಹುಲ್ಲಿಗೆ ಬೆಂಕಿ ಹಾಕಿ, ಅದರ ಮೇಲೆ ದನಗಳನ್ನು ಹಾರಿಸುತ್ತಾರೆ. ಅದೇ ಕಿಚ್ಚು ಹಾಯಿಸುವುದು. ಮೈಮೇಲಿನ ಉಣ್ಣೆಹುಳ ಉದುರಿ ದನಗಳು ವರ್ಷವೆಲ್ಲ ಚೆನ್ನಾಗಿರುತ್ತವೆ ಎನ್ನುವುದು ಹಿರಿಯರ ಮಾತು.

ಪೂಜಾಳ ಮನೆಯಲ್ಲಿ ದನಗಳಿಲ್ಲ. ಇರುವುದು ಗಾಡಿಗಳು. ಅವಳ ಅಪ್ಪನ ಅಕ್ಕ ಸರ್ವಮಂಗಳತ್ತೆಗೆ ಹಳೆ ಗಾಡಿಗಳೆಂದರೆ ಪಂಚಪ್ರಾಣ. ಹೊಗೆಸೊಪ್ಪು ಬೇಯಿಸುತ್ತಿದ್ದ ಹಳೆ ಬ್ಯಾರನ್ನಿನ ಒಂದು ಗೋಡೆ ಒಡೆಸಿ, ಮುಂದಕ್ಕೆ ಶೀಟು ಇಳಿಸಿ, ಅಲ್ಲಿ ಸಾಲಾಗಿ ನಿಲ್ಲಿಸಿದ್ದಾಳೆ. ಬಿಳಿ ಅಂಬಾಸಿಡರ್, ಕೆಂಪು ಪದ್ಮಿನಿ, ಟಾಪು ಹರಿದ ಜೀಪು, ಮೆಟಡಾರ್ ವ್ಯಾನು, ಒಂದು ಸ್ಕೂಟರು, ಕಟ್ಟಕಡೆಗೆ ಗೋಡೆಗೊರಗಿದ ಲೂನಾ ಮೊಪೆಡ್ಡು. ಮೈಸೂರಿನಿಂದ ಕಾರಿನ ಹುಚ್ಚಿನವರು ಬಂದರೆ ಪದ್ಮಿನಿ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಲೂನಾ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಿಜ ಹೇಳಬೇಕೆಂದರೆ ಪೂಜಾಳಿಗೂ ಅದನ್ನು ಕಂಡರೆ ಅಷ್ಟಕ್ಕಷ್ಟೆ.

ಆದರೆ ಬೇರೆಯವರು ಆಡಿಕೊಂಡರೆ ಸುಮ್ಮನಿರುವುದುಂಟೆ?

"ಊಂ ಕಣೋ, ಆಯಿಸ್ತೀವಿ! ಲೂನಾನೂ ಆಯಿಸ್ತೀವಿ, ಕಾರೂ ಆಯಿಸ್ತೀವಿ. ಎಲ್ಲಾನೂ ಆಯಿಸ್ತೀವಿ!"

"ಆಯಿಸ್ದೆ ಇದ್ರೆ?"

"ನೀನು ಏನ್ ಹೇಳ್ತೀಯೋ ಅದು."

"ಅಂಗಾದ್ರೆ ಹಬ್ಬ ಆದ್ಮೇಲೆ ಕ್ಲಾಸಲ್ಲಿ ಎಲ್ರ ಮುಂದೆ ನಿಂತ್ಕೊಂಡು 'ನಮ್ದು ಗುಜರಿ ಅಂಗಡಿ' ಅಂತ ಕೂಗ್ಬೇಕು. ಪ್ರಾಮಿಸ್?"

"ಪ್ರಾಮಿಸ್!"

ಮಾತು ಆಡಿದರೆ ಹೋಯಿತು. ಕೆರೆ ಏರಿ ದಾಟುವಷ್ಟರಲ್ಲಿ ಪೂಜಾಳ ಧೈರ್ಯವೆಲ್ಲ ಇಳಿದಿತ್ತು. ಗುಜರಿ ಎಂಬ ಮಾತು ಅತ್ತೆಗೆ ಎಷ್ಟು ನೋವು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು.

ಅತ್ತೆ ಜೀಪಿನ ಕೆಳಗೆ ಮಲಗಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಪೂಜಾ ಆ ಪಾದಗಳಿಗೇ ಹೇಳಿದಳು.

"ಅತ್ತೆ, ಸಂಜೆ ನಮ್ ಗಾಡಿಗಳ್ನೂ ಕಿಚ್ಚು ಆಯಿಸಾಣ."

ಜೀಪಿನ ಕೆಳಗೆ ನಗು ಕೇಳಿತು. ಆಮೇಲೆ ತಲೆ ಬಡಿದ ಸದ್ದು, "ಅಯ್ಯಪ್ಪಾ" ಎಂಬ ಕೂಗು. ಅತ್ತೆ ಹಣೆ ಉಜ್ಜಿಕೊಳ್ಳುತ್ತ ಹೊರಬಂದಳು.

"ಯಾಕೆ, ಜೀಪಿಗೂ ಉಣ್ಣೆ ಅಂಟ್ಕೊಂಡವಾ? ಪೆಟ್ರೋಲ್ ಕುಡಿಯೋ ಮಕ್ಕಳು ಕಣೆ ಇವು. ಬೆಂಕಿ ತಾವ ಕರ್ಕೊಂಡೋದ್ರೆ ನಾವೂ ಇರಲ್ಲ, ಊರೂ ಇರಲ್ಲ. ಆಗಲ್ಲ ಅಂದ್ರೆ ಆಗಲ್ಲ."

ಪೂಜಾಳ ಕಣ್ಣು ತುಂಬಿತು. ಕೆರೆಯಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

"ಗುಜರಿ ಅಂದ್ನಾ?" ಅತ್ತೆ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಅನ್ಲಿ ಬುಡು. ಸಂಜೆ ಬೀರಯ್ಯಣ್ಣನ್ನ ಒಂದ್ ಮಾತು ಕೇಳಾಣ."

ಪ್ರತಿವರ್ಷ ಕಿಚ್ಚಿಗೆ ಬೆಂಕಿ ಹಚ್ಚುವವರು ದೊಡ್ಡಬೀರಯ್ಯ. ಅಲ್ಲಿ ಅವರ ಮಾತಿಗೆ ಎದುರಿಲ್ಲ. ಆ ಸಂಜೆ ಹುಲ್ಲು ಧಗಧಗ ಎಂದಿತು, ತಮಟೆ ಮೊಳಗಿತು, ದನಗಳು ಬಾಲ ಎತ್ತಿಕೊಂಡು ಹಾರಿದವು. ಕಾಂತರಾಜುವಿನ ಎತ್ತುಗಳಂತೂ ಜೋಡಿಯಾಗಿಯೇ ಹಾರಿ ಶಿಳ್ಳೆ ಗಿಟ್ಟಿಸಿದವು. ಪೂಜಾಳಿಗೆ ನೋಡಲು ಆಸೆ, ನೋಡಿದರೆ ಪಂದ್ಯ ನೆನಪಾಗುತ್ತಿತ್ತು.

ಬೆಂಕಿ ಇಳಿದ ಮೇಲೆ ಅತ್ತೆ ಮುಂದೆ ಬಂದಳು.

"ಬೀರಯ್ಯಣ್ಣ, ನಾಳೆ ಬೆಳಿಗ್ಗೆ ಬೂದಿ ತಣ್ಣಗಾದ್ಮೇಲೆ ನಮ್ ಗಾಡಿಗಳ್ನ ಅದರ ಮ್ಯಾಲೆ ಆಯಿಸ್ಬೋದಾ? ನೀವು ಊಂ ಅಂದ್ರೆ ಮಾತ್ರ."

ದೊಡ್ಡಬೀರಯ್ಯ ಮೀಸೆ ನೀವಿದರು. ಬೂದಿ ನೋಡಿದರು, ಪೂಜಾಳನ್ನು ನೋಡಿದರು.

"ಬೂದಿನೂ ಕಿಚ್ಚಿನ ಕೂಸೇ ಅಲ್ವಾ ಮಂಗಳವ್ವ? ಆಗ್ಲಿ. ಆದ್ರೆ ಕಿಚ್ಚು ಅನ್ನೋದು ಗೇಮೆ ಮಾಡಿದ್ದಕ್ಕೆ. ತಿಂದು ಮಲಗಿದ್ದಕ್ಕಲ್ಲ. ನಿನ್ ಗಾಡಿಗಳು ಏನ್ ಗೇದವೆ ಅಂತ ಒಂದೊಂದಕ್ಕೂ ಯೋಳ್ಬೇಕು. ಯೋಳಿದ್ದು ದಾಟ್ತದೆ. ಯೋಳ್ದೆ ಇದ್ದದ್ದು ನಿಂತ್ಕತ್ತದೆ."

"ಗೇಮಾ? ಮೊಬೈಲ್ ಗೇಮಾ?" ಎಂದಳು ಪೂಜಾಳ ತಂಗಿ ಪುಟ್ಟಿ.

ಊರೆಲ್ಲ ಗೊಳ್ಳೆಂದಿತು. "ಗೇಮೆ ಅಂದ್ರೆ ದುಡಿಮೆ ಕಣವ್ವ, ದುಡಿಮೆ!" ದೊಡ್ಡಬೀರಯ್ಯನವರಿಗೂ ನಗು ತಡೆಯಲಾಗಲಿಲ್ಲ.

"ನಮ್ ಪೂಜಾನೇ ಯೋಳ್ತಾಳೆ," ಎಂದಳು ಅತ್ತೆ.

ಕಾಂತರಾಜು ಪೂಜಾಳ ಕಿವಿಯ ಹತ್ತಿರ ಬಂದ. "ಎಲ್ಲಾನೂ ಅಂದಿದ್ದೆ. ಒಂದು ನಿಂತ್ರೂ ನೀನ್ ಸೋತಂಗೆ!"

ಆ ರಾತ್ರಿ ಎಳ್ಳು ಬೆಲ್ಲ ಮೆಲ್ಲುತ್ತ ಪೂಜಾ ಅತ್ತೆಯ ಹಿಂದೆ ಒಂದೊಂದೇ ಗಾಡಿಯ ಹತ್ತಿರ ಹೋದಳು. ಇಷ್ಟು ದಿನ ಅವಳಿಗೆ ಗೊತ್ತಿದ್ದದ್ದು ಗಾಡಿಗಳ ಬಣ್ಣ ಮತ್ತು ಹಾರನ್ನು. ಈಗ ಕೇಳಿದ್ದೇ ಬೇರೆ. ಅಂಬಾಸಿಡರ್ ಹೆರಿಗೆ ನೋವಿನ ಹೆಂಗಸರನ್ನು ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಿತ್ತಂತೆ. ಪದ್ಮಿನಿ ಕೆ.ಆರ್. ನಗರದ ಡಾಕ್ಟರೊಬ್ಬರನ್ನು ಹಳ್ಳಿ ಹಳ್ಳಿಯ ರೋಗಿಗಳ ಮನೆಗೆ ಕರೆದೊಯ್ಯುತ್ತಿತ್ತು. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಿಗೆ ಮತಪೆಟ್ಟಿಗೆ ಹೊತ್ತದ್ದು ಜೀಪು. ಮೆಟಡಾರ್ ವಾರವೆಲ್ಲ ಹೊಗೆಸೊಪ್ಪಿನ ಬೇಲು ಹೊತ್ತು, ಭಾನುವಾರ ಮದುವೆ ದಿಬ್ಬಣ ಹೊರುತ್ತಿತ್ತು. ದಿಬ್ಬಣದವರೆಲ್ಲ ಸೀನುತ್ತಲೇ ಇಳಿಯುತ್ತಿದ್ದರಂತೆ! ಸ್ಕೂಟರು ಹಂಪಾಪುರದ ಮೇಷ್ಟ್ರೊಬ್ಬರದು. ಹಿಂದಿನ ಸೀಟಿನಲ್ಲಿ ಯಾವಾಗಲೂ ಒಬ್ಬ ಶಾಲೆ ಬಿಟ್ಟ ಹುಡುಗ ಇರುತ್ತಿದ್ದನಂತೆ, ವಾಪಸ್ಸು ಶಾಲೆಗೆ ಹೋಗುವುದಕ್ಕೆ.

"ಇದು?" ಪೂಜಾ ಲೂನಾ ಮುಂದೆ ನಿಂತಳು.

"ಇದೊಂದು ಗೊತ್ತಿಲ್ಲ ಕಣೆ. ಹುಣಸೂರಿನ ಒಂದು ಗುಜರೀಲಿ ಬಿದ್ದಿತ್ತು. ಹಸಿರು ಬಣ್ಣ ಕಿತ್ತೋಗಿತ್ತು, ನಾನೇ ನೀಲಿ ಬಳಿದೆ. ಹ್ಯಾಂಡಲ್ ಕೆಳಗೆ ಈ ಗಂಟೆ ನೋಡಿದ್ಮೇಲೆ ಬುಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಅದು ಎತ್ತಿನ ಕೊರಳಿಗೆ ಕಟ್ಟುವ ಪುಟ್ಟ ಹಿತ್ತಾಳೆ ಗಂಟೆ. ಇಷ್ಟು ದಿನ ಅತ್ತೆಯೇ ಕಟ್ಟಿದ್ದಾಳೆಂದು ಪೂಜಾ ಅಂದುಕೊಂಡಿದ್ದಳು.

"ಪೋಸ್ಟ್ ಹಂಚ್ತಿತ್ತು ಅಂತ ಹೇಳ್ಬುಡ್ಲಾ ಅತ್ತೆ?"

"ಸುಳ್ಳೇಳಿ ಆಯ್ಸಿದ್ರೆ ಅದು ಆಯ್ದಂಗಾ?" ಎಂದಳು ಅತ್ತೆ, ಅಷ್ಟೆ.

ಬೆಳಿಗ್ಗೆ ಗಾಡಿಗಳು ಮದುಮಕ್ಕಳಾಗಿದ್ದವು. ಕನ್ನಡಿಗಳಿಗೆ ಬಲೂನು, ವೈಪರಿಗೆ ಚೆಂಡುಹೂವು, ಮೂತಿಗೆ ಅರಿಶಿನ. ಊರಿಗೆ ಊರೇ ಕಿಚ್ಚಿನ ಬೂದಿಯ ಪಕ್ಕದ ಅರಳಿಕಟ್ಟೆಯ ಸುತ್ತ ಸೇರಿತ್ತು. ದೊಡ್ಡಬೀರಯ್ಯ ಬೂದಿಯೊಳಗೆ ಕೈಯಿಟ್ಟು ನೋಡಿ, ಕೆಂಡವಿಲ್ಲವೆಂದು ತಲೆಯಾಡಿಸಿದರು.

ಅಂಬಾಸಿಡರಿನ ಗೇಮೆಯನ್ನು ಪೂಜಾ ನೆಲ ನೋಡಿಕೊಂಡೇ ಹೇಳಿದಳು. "ಓ, ನನ್ನ ಮಗಳು ಹುಟ್ಟೋಕೆ ಓಗಿದ್ದು ಇಂತಾದ್ರಲ್ಲೇ!" ಎಂದು ಯಾರೋ ಹೆಂಗಸು ಕೂಗಿದ ಮೇಲೆ ಧೈರ್ಯ ಬಂತು. ಪದ್ಮಿನಿಯ ಗೇಮೆ ಹೇಳುವಾಗ ದನಿ ಏರಿತು. ಜೀಪು ಬೂದಿಯ ಮುಂದೆ ಬಂದು ಹಠ ಹಿಡಿದು ನಿಂತಿತು. "ಎಳೆಗರು ಕಣ್ರೋ, ಎದರ್ಕಂಡದೆ, ತಳ್ರೋ!" ಎಂದು ದೊಡ್ಡಬೀರಯ್ಯ ಕೂಗಿದ್ದೇ, ಹುಡುಗರೆಲ್ಲ ಸೇರಿ ಐಸಾ ಎಂದು ನೂಕಿದರು. ಕಾಂತರಾಜುವೂ ನೂಕಿದ. ಪಂದ್ಯ ಪಂದ್ಯವೇ, ಆದರೆ ಗಾಡಿ ತಳ್ಳುವ ಖುಷಿಯನ್ನು ಯಾರು ಬಿಡುತ್ತಾರೆ? ಮೆಟಡಾರ್, ಸ್ಕೂಟರು ಕೂಡ ಬೂದಿ ಎಬ್ಬಿಸಿಕೊಂಡು ದಾಟಿದವು.

ಕೊನೆಗೆ ಪೂಜಾ ಲೂನಾವನ್ನು ತಾನೇ ತಳ್ಳಿಕೊಂಡು ಬಂದಳು. ಠಿಣ್ ಠಿಣ್ ಎಂದಿತು ಗಂಟೆ.

"ಇದೇನ್ ಗೇದದೆ ಕೂಸೆ?"

ಪೋಸ್ಟು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಗೆದ್ದ ಹಾಗೆ. ಯಾರಿಗೂ ಗೊತ್ತಾಗುವುದಿಲ್ಲ. ಪೂಜಾ ಅತ್ತೆಯ ಕಡೆ ನೋಡಿದಳು. ಮಾತನ್ನು ನುಂಗಿಕೊಂಡಳು.

"ಗೊತ್ತಿಲ್ಲ ತಾತ."

"ನಿಂತ್ಕಂತು! ನಿಂತ್ಕಂತು!" ಕಾಂತರಾಜು ಕುಣಿದ. "ಗುಜರಿ! ಗುಜರಿ!"

"ಲೇ, ಸುಮ್ನಿರ್ಲಾ! ಅವ್ವಾ, ಆ ಗಂಟೆ ಇನ್ನೊಂದ್ ಸಲ ಅಲ್ಲಾಡ್ಸು."

ಅರಳಿಕಟ್ಟೆಯ ಮೇಲಿಂದ ಕೋಲೂರಿಕೊಂಡು ಇಳಿದು ಬರುತ್ತಿದ್ದವರು ಜವರಯ್ಯ, ಕಾಂತರಾಜುವಿನ ತಾತ. ಗಾವಡಗೆರೆ ಕಡೆಯವರು. ಮನೆಯವರೆಲ್ಲ ಈ ಊರಿಗೆ ಬಂದು ನೆಲೆಸಿ ನಾಲ್ಕು ವರ್ಷ. ಮಂಡಿ ನೋವಿನಿಂದ ಅವರು ಕಟ್ಟೆ ಬಿಟ್ಟು ಆಚೆ ಹೋಗುವುದೇ ಅಪರೂಪ.

ಪೂಜಾ ಗಂಟೆ ಅಲ್ಲಾಡಿಸಿದಳು. ಠಿಣ್ ಠಿಣ್.

"ನಮ್ ಬಸ್ವನ ಗಂಟೆ ಇದು!" ಜವರಯ್ಯ ಲೂನಾದ ಸೀಟಿನ ಮೇಲೆ ಕೈಯಿಟ್ಟರು. ಎತ್ತಿನ ಬೆನ್ನು ತಡವಿದ ಹಾಗೆ ತಡವಿದರು. "ಬಣ್ಣ ಯಾಮಾರಿಸ್ಬೋದು, ಗಂಟೆ ಯಾಮಾರ್ಸಾಕಿಲ್ಲ. ಬೀರಯ್ಯ, ಇದರ ಗೇಮೆ ನಾನ್ ಯೋಳ್ತೀನಿ ಕೇಳು. ಎರಡೂ ಕಡೆ ಆಲಿನ ಕ್ಯಾನು ನೇತಾಕ್ಕೊಂಡು ದಿನಾ ಡೈರಿಗೆ ಓಯ್ತಿದ್ದೆ. ಹಾರನ್ನು ಕೆಟ್ಟೋಗಿತ್ತು. ನಮ್ ಎತ್ತು ಬಸ್ವ ತೀರ್ಕೊಂಡ್ಮೇಲೆ ಅವನ ಗಂಟೆನ ಇದಕ್ಕೆ ಕಟ್ಟಿದ್ದೆ. ಈ ಸದ್ದು ಕೇಳಿದ್ರೇನೇ ನಮ್ಮೂರಿಗೆ ಬೆಳಗಾಯ್ತಿದ್ದುದು."

ಕಾಂತರಾಜು ಕುಣಿಯುವುದನ್ನು ನಿಲ್ಲಿಸಿದ್ದ.

"ಮನೆ ಖಾಲಿ ಮಾಡುವಾಗ ನನ್ ಮಗ ಗುಜರಿಗೆ ಆಕ್ಬುಟ್ಟ. ಬುಡಪ್ಪ, ಅಳೇದು ಅಂದ." ಜವರಯ್ಯ ಮೊಮ್ಮಗನ ಕಡೆ ತಿರುಗಿದರು. "ಮುಂದ್ಗಡೆ ನಿಂತ್ಕೊಂಡು ದಾರಿ ಉದ್ದಕ್ಕೂ ಗಂಟೆ ಬಡೀತಿದ್ದೋನು ನೀನೇ ಕಣ್ಲಾ. ಮರ್ತ್ಬುಟ್ಟಾ?"

ಕಾಂತರಾಜು ಗಂಟೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಮೆಲ್ಲಗೆ ಕೈ ಚಾಚಿದ, ಮುಟ್ಟಲೋ ಬೇಡವೋ ಎಂದು ಮತ್ತೆ ಹಿಂದಕ್ಕೆಳೆದುಕೊಂಡ.

ಪೂಜಾ ರಾತ್ರಿಯೇ ಒಂದು ಮಾತು ರೆಡಿ ಮಾಡಿಟ್ಟುಕೊಂಡಿದ್ದಳು. "ಈಗ ಹೇಳೋ, ಯಾವ್ದೋ ಗುಜರಿ?" ಎಂದು ಎಲ್ಲರ ಮುಂದೆ ಕೇಳಬೇಕೆಂದು. ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬೇಕೆ? ಆದರೆ ಅವನ ಆ ಕೈ ನೋಡಿದ ಮೇಲೆ ಆ ಮಾತು ಅವಳಿಗೇ ಬೇಡವಾಯಿತು.

"ತಾತ ಕೂತ್ಕೊಳ್ಳಿ," ಎಂದಳು. ಆಮೇಲೆ ಕಾಂತರಾಜುವಿಗೆ, "ಲೋ, ಆ ಕಡೆ ಹಿಡ್ಕೊ. ಗಂಟೆ ನೀನೇ ಬಾರ್ಸು."

ಜವರಯ್ಯ ಕೋಲನ್ನು ಪುಟ್ಟಿಯ ಕೈಗೆ ಕೊಟ್ಟು ಏರಿ ಕೂತರು. ಒಂದು ಕಡೆ ಪೂಜಾ, ಇನ್ನೊಂದು ಕಡೆ ಕಾಂತರಾಜು. "ಓ... ಬಾ ಬಸ್ವಾ, ಬಾ ಮಗನೇ!" ಎಂದು ತಾತ ನಾಲಿಗೆ ಲೊಟಗುಟ್ಟಿಸಿದರು. ಠಿಣ್ ಠಿಣ್ ಠಿಣ್ ಎನ್ನುತ್ತ ಲೂನಾ ಬೂದಿ ಹಾಯ್ದೇಬಿಟ್ಟಿತು. ಪದ್ಮಿನಿಗೂ ಬೀಳದಷ್ಟು ಚಪ್ಪಾಳೆ ಬಿತ್ತು. ದೊಡ್ಡಬೀರಯ್ಯ ಒಂದು ಚಿಟಿಕೆ ಬೂದಿಯನ್ನು ವಿಭೂತಿಯ ಹಾಗೆ ಲೂನಾದ ಲೈಟಿನ ಮೇಲೆ ಎಳೆದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬೂದಿ ಬಿತ್ತು ಎಂದಳು.

ಹಬ್ಬ ಮುಗಿದು ಶಾಲೆ ಶುರುವಾದ ದಿನ ಪುಷ್ಪಾ ಮಿಸ್ ಸಾಕುಪ್ರಾಣಿಗಳ ಪಾಠ ತೆಗೆದರು. "ನಿಮ್ಮನೇಲಿ ಯಾವ್ಯಾವ ಪ್ರಾಣಿ ಇವೆ? ಒಬ್ಬೊಬ್ರೇ ಹೇಳಿ."

ಕಾಂತರಾಜು ಎದ್ದು ನಿಂತ. "ಎರಡು ಎತ್ತು, ಒಂದು ಎಮ್ಮೆ, ಒಂದು ಲೂನಾ ಮಿಸ್."

ಕ್ಲಾಸೆಲ್ಲ ನಕ್ಕಿತು. ಮಿಸ್ಸೂ ನಕ್ಕರು. "ಲೂನಾನ ಎಲ್ಲಪ್ಪಾ ಕಟ್ಟಿದೀರಾ?"

"ಪೂಜಾ ಮನೆ ಕೊಟ್ಟಿಗೇಲಿ ಮಿಸ್. ಅಲ್ಲಿ ಚೆನ್ನಾಗಿ ನೋಡ್ಕೋತಾರೆ."

"ಹೌದೇನಮ್ಮ ಪೂಜಾ?"

ಪೂಜಾ ಎದ್ದು ನಿಂತಳು. ಕಾಂತರಾಜುವಿನ ಕಡೆ ಒಂದು ಸಲ ನೋಡಿದಳು.

"ಹೌದು ಮಿಸ್," ಎಂದಳು. "ಸಂಜೆ ಹೊತ್ತು ಅವರ ತಾತ ಬಂದು ಮೈ ತಿಕ್ಕಿ ಹೋಗ್ತಾರೆ."