ಶ್ರಾವಣದಲ್ಲಿ ಬಿಟ್ಟ ಮೀನು

ಕತ್ತಲಾಗುವುದರೊಳಗೆ ಒಂದು ಮೀನು ಹಿಡಿಯಬೇಕು. ಯಾವುದೋ ಒಂದು ಮೀನಲ್ಲ, ಅದೇ ಮೀನು. ಕೆಲಸ ಇಷ್ಟೇ.

ಇಷ್ಟೇ ಎನ್ನುವುದು ದಡದ ಮೇಲೆ ನಿಂತವರ ಮಾತು. ಭೂಮಿಯ ದಕ್ಷಿಣ ತುದಿಯ ಈ ದ್ವೀಪದೇಶದಲ್ಲಿ, ಪಾಪಕುರಾ ಊರಿನಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿಯ ಆ ಸರೋವರ ದೊಡ್ಡದೇನಲ್ಲ. ಆದರೆ ಈ ದಡದಿಂದ ಆ ದಡದವರೆಗೆ ನೀರೊಳಗೆಲ್ಲ ಗಿಡ, ಅಂಚಿನಲ್ಲೆಲ್ಲ ಆಳೆತ್ತರದ ಜೊಂಡು. ನೀರು ಸೊಂಟದವರೆಗೆ. ಅದರ ಕೆಳಗೆ ಕೆಸರು ಎಷ್ಟಿದೆಯೋ, ಅಳೆದವರಿಲ್ಲ.

ಏಳು ವರ್ಷದ ಹಿಂದೆ ಇಲ್ಲಿ ಒಂದು ಎಲೆಯೂ ಇರಲಿಲ್ಲ. ಎಲ್ಲಿಂದಲೋ ಬಂದು ಸೇರಿದ ಕೋಯಿ ಮೀನುಗಳು ತಳವನ್ನು ಹಂದಿಗಳ ಹಾಗೆ ಕೆದಕಿ ಕೆದಕಿ ನೀರನ್ನು ಚಹಾ ಮಾಡಿಬಿಟ್ಟಿದ್ದವು. ಸುತ್ತಲಿನ ಸ್ವಯಂಸೇವಕರು ಸೇರಿ ಸಾವಿರಗಟ್ಟಲೆ ಕೋಯಿ ಹಿಡಿದರು, ಕಾಲುವೆಯ ಬಾಯಿಗೆ ಜಾಲರಿ ಹಾಕಿದರು. ನೀರು ತಿಳಿಯಾಯಿತು, ಗಿಡ ಎದ್ದಿತು, ಕಪ್ಪು ಹಂಸಗಳು ಬಂದು ಗೂಡು ಕಟ್ಟಿದವು. ಈ ಜುಲೈನ ನೆರೆ ಜಾಲರಿಯ ಮೇಲೆಯೇ ಹಾದು ನಾಲ್ಕಾರು ಕೋಯಿಗಳನ್ನು ಮತ್ತೆ ಒಳಗೆ ತಂದುಬಿಟ್ಟಿತು. ಕಂಡ ಮಟ್ಟಿಗೆ ಈಗ ಉಳಿದಿರುವುದು ಗಂಡು ಎರಡು, ಹೆಣ್ಣು ಒಂದು. ನೀರು ಬೆಚ್ಚಗಾಗಿ ಆ ಒಂದು ಹೆಣ್ಣು ಮೊಟ್ಟೆಯಿಟ್ಟರೆ ಲಕ್ಷಗಟ್ಟಲೆ ಮರಿ. ಏಳು ವರ್ಷದ ಶ್ರಮ ಮಣ್ಣುಪಾಲು.

"ಸೆವೆಂಟೀನ್, ಅಬ್ಬಾ," ಎಂದಳು ನಿಲೋಫರ್, ನೀರಿನಿಂದ ಥರ್ಮಾಮೀಟರ್ ಎತ್ತಿ. "ನಾಳೆ ಇನ್ನೂ ವಾರ್ಮ್. ಟುಮಾರೋ ಇಸ್ ಟೂ ಲೇಟ್." ಸರೋವರಗಳ ನೀರು ಪರೀಕ್ಷಿಸುವುದು ಅವಳ ಉದ್ಯೋಗ.

ಅವಳ ಅಪ್ಪ ಬಾಬಾಜಾನ್ ಹರಿಹರದವರು. ವಾರವಿಡೀ ಹೆಂಡರ್ಸನ್‌ನಲ್ಲಿ ನೆಗ್ಗಿದ ಕಾರುಗಳನ್ನು ತಟ್ಟಿ ಸರಿಮಾಡುತ್ತಾರೆ, ಶನಿವಾರ ಭಾನುವಾರ ಮೀನು ಹಿಡಿಯಲು ಬಂದವರಿಗೆ ಗೈಡ್ ಆಗುತ್ತಾರೆ. ನೆಲದ ಮೇಲೆ ಹೆಂಡತಿಗೆ ಹೆದರುವ ಈ ಮನುಷ್ಯನಿಗೆ ನೀರಿನ ಮೇಲೆ ಎಲ್ಲಿಲ್ಲದ ಗತ್ತು.

ದೋಣಿಯ ಮೂರನೆಯ ಆಳು ವೀರಭದ್ರಪ್ಪ, ರಾಣೆಬೆನ್ನೂರಿನವರು, ಪಾಪಕುರಾದಲ್ಲಿ ಫಾರ್ಮಸಿಸ್ಟ್. ಮೀನು ಬಾಯಿಗಿಡುವುದಿರಲಿ, ಮುಟ್ಟಿದ ಮನೆತನವೂ ಅಲ್ಲ. ದಡದಲ್ಲಿ ಗಿಡ ನೆಡಲೆಂದು ಈ ಗುಂಪಿಗೆ ಸೇರಿದವರು. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಕಾಲುವೆಯ ಬಲೆಪೆಟ್ಟಿಗೆ ನೋಡುವ ಸರದಿ ಅವರದಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಕೇಸರಿ ಬಣ್ಣದ ದೊಡ್ಡ ಹೆಣ್ಣು ಕೋಯಿ, ಬೆನ್ನ ಮೇಲೆ ಕರಿ ಮಚ್ಚೆ. ಸಿಕ್ಕ ಕೋಯಿಯನ್ನು ಅಲ್ಲೇ ಕೊಲ್ಲಬೇಕು, ಜೀವಂತ ಬಿಡುವುದು ಈ ದೇಶದಲ್ಲಿ ಅಪರಾಧ. ಆದರೆ ಅಂದು ಶ್ರಾವಣ ಸೋಮವಾರ. ಲಿಂಗಪೂಜೆ ಮುಗಿಸಿ ಬಂದಿದ್ದರು, ಹಣೆಯ ವಿಭೂತಿ ಇನ್ನೂ ಅಳಿಸಿರಲಿಲ್ಲ. ಇವತ್ತೊಂದು ದಿನ ಬೇಡವೆಂದು ಅದನ್ನೆತ್ತಿ ಸರೋವರಕ್ಕೇ ಬಿಟ್ಟರು. ಪೆಟ್ಟಿಗೆ ಖಾಲಿ ಇತ್ತೆಂದು ಎಲ್ಲರಿಗೂ ಹೇಳಿದರು.

ಎರಡು ತಿಂಗಳು ಆ ಸುಳ್ಳನ್ನು ಹೊತ್ತು ತಿರುಗಿ, ಮೊನ್ನೆ ಗುರುವಾರ ಬಾಬಾಜಾನರಿಗೆ ಫೋನ್ ಮಾಡಿ ಎಲ್ಲವನ್ನೂ ಒದರಿದ್ದರು.

"ನಾನೂ ಬರ್ತೀನ್ರಿ. ಬ್ಯಾಡ ಅನಬ್ಯಾಡ್ರಿ."

"ಈಜು ಬರ್ತೈತೇನು?"

"ಇಲ್ರಿ."

"ಚಲೋ ಆತು," ಎಂದಿದ್ದರು ಬಾಬಾಜಾನ್.

ಇಂಜಿನ್ ಹಚ್ಚುವಂತಿರಲಿಲ್ಲ. ಉಳಿಸಬೇಕಾದ ಗಿಡವನ್ನೇ ಅದು ಕತ್ತರಿಸಿಹಾಕುತ್ತದೆ. ಬಾಬಾಜಾನ್ ಉದ್ದನೆಯ ಕೋಲು ಊರಿ ಚಪ್ಪಟೆ ತಳದ ದೋಣಿಯನ್ನು ನೂಕಿದರು. ಕೋಲು ಕೆಸರಿಗೆ ಇಳಿಯುತ್ತಿತ್ತು, ಎಳೆದರೆ ಬರುತ್ತಿರಲಿಲ್ಲ. ಹತ್ತು ಮಾರು ಹೋಗಲು ಹತ್ತು ನಿಮಿಷ.

ಗಾಳಕ್ಕೆ ವೀರಭದ್ರಪ್ಪನವರ ಮನೆಯಿಂದಲೇ ಬಂದ ಜೋಳದ ಹಿಟ್ಟು. ಬಿಸಿನೀರಲ್ಲಿ ನಾದಿ, ರೊಟ್ಟಿ ತಟ್ಟುವ ಹದಕ್ಕೆ ತಂದಿದ್ದರು. ಬಾಬಾಜಾನ್ ಒಂದು ಚೂರು ಬಾಯಿಗೆ ಹಾಕಿಕೊಂಡು, "ಬದ್ನಿಕಾಯಿ ಪಲ್ಯ ತರಲಿಲ್ಲೇನು?" ಎಂದರು. ಯಾರೂ ನಗಲಿಲ್ಲ.

ಗಿಡಗಳ ನಡುವೆ ಬರಿ ತಳ ಕಂಡಲ್ಲೆಲ್ಲ ನಿಲ್ಲಿಸಿದರು. ಮೊದಲ ಸಲ ದಾರ ಜಗ್ಗಿದಾಗ ಮೂವರ ಎದೆಯೂ ಹಾರಿತು. ಬಂದದ್ದು ಹಾವುಮೀನು. ಅದು ಈ ನೀರಿನದೇ ಮೀನು, ಬಿಟ್ಟರು. ಎರಡನೆಯ ಸಲವೂ ಹಾವುಮೀನು. ಮೂರನೆಯ ಸಲ ಗಾಳಕ್ಕೆ ಗಿಡ ಸಿಕ್ಕಿ ದಾರವೇ ತುಂಡಾಯಿತು.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ನೀರಿನ ಮೈಯೆಲ್ಲ ಸುಕ್ಕಾಗಿ ಒಳಗೇನೂ ಕಾಣದಾಯಿತು. ದೂರದ ಹಸಿರು ದಿಬ್ಬಗಳ ಮೇಲೆ ದನಗಳು ತಮ್ಮ ಪಾಡಿಗೆ ಮೇಯುತ್ತಿದ್ದವು, ವಿಲೋ ಮರಗಳು ಹೊಸ ಚಿಗುರನ್ನು ತೂಗಿಕೊಂಡು ನಿಂತಿದ್ದವು, ಹಂಸಗಳು ಮರಿಗಳನ್ನು ಹಿಂದಿಟ್ಟುಕೊಂಡು ಸಾಲಾಗಿ ಹಾದುಹೋದವು. ಇಲ್ಲಿ ಅಕ್ಟೋಬರೆಂದರೆ ವಸಂತ. ಅಷ್ಟು ಚಂದದ ದಿನವನ್ನು ಕಂಡು ವೀರಭದ್ರಪ್ಪನವರಿಗೆ ಅಳು ಬಂತು. ಆ ಮರಿಗಳ ಮೇವನ್ನು ತಾನೇ ಕಿತ್ತುಕೊಂಡೆ ಅನ್ನಿಸಿತು.

ಮೂರು ಗಂಟೆ. ನಾಲ್ಕು ಗಂಟೆ. ಹಿಟ್ಟು ಮುಷ್ಟಿಯಷ್ಟು ಉಳಿಯಿತು.

"ಅಂಕಲ್, ಮೇ ಬಿ ಅದು ಆಲ್ರೆಡಿ ಮೊಟ್ಟೆ ಇಟ್ಟಿರಬಹುದು," ಎಂದಳು ನಿಲೋಫರ್ ಮೆಲ್ಲಗೆ.

"ಹಂಗ ಅನಬ್ಯಾಡವಾ."

"ಐ ಆಮ್ ಜಸ್ಟ್ ಸೇಯಿಂಗ್."

ಬಾಬಾಜಾನರ ಅಂಗೈ ಒಡೆದು ಕೋಲಿಗೆ ರಕ್ತ ಅಂಟಿತ್ತು. ವಾಪಸ್ ಹೋಗೋಣ ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತು. ಆಗ ಗಾಳಿ ಬೀಸುತ್ತಿದ್ದ ದಿಕ್ಕಿಗೆ ಎದುರಾಗಿ ಒಂದೆಡೆ ಜೊಂಡು ಅಲುಗಿತು.

"ಸುಮ್ನಿರ್ರಿ," ಎಂದರು.

ಕೇಸರಿ ಬೆನ್ನು. ಕರಿ ಮಚ್ಚೆ. ಹಿಂದೆ ಎರಡು ಸಣ್ಣ ಗಂಡು ಮೀನುಗಳು ಅದರ ಹೊಟ್ಟೆಗೆ ಮೂತಿ ತಾಗಿಸುತ್ತಿದ್ದವು.

ನಿಲೋಫರ್ ಎಸೆದಳು. ಹಿಟ್ಟಿನ ಉಂಡೆ ಒಂದಡಿ ಮುಂದೆ ಬಿತ್ತು. ಹೆಣ್ಣು ತಿರುಗಿತು, ಹೋಯಿತು, ಮತ್ತೆ ಬಂತು, ತಳಕ್ಕೆ ಬಾಯಿ ಹಾಕಿತು.

ರಾಡು ಬಿಲ್ಲಿನಂತೆ ಬಾಗಿತು.

"ಬಿಡಬ್ಯಾಡ! ಜೊಂಡಿನ ಕಡೆ ಬಿಡಬ್ಯಾಡ!"

ಮೀನು ಕೇಳಬೇಕಲ್ಲ. ಜೊಂಡಿನ ಬುಡಕ್ಕೇ ನುಗ್ಗಿ ದಾರವನ್ನು ನಾಲ್ಕು ಸುತ್ತು ಸುತ್ತಿತು. ದಾರ ಅಲ್ಲಾಡಲಿಲ್ಲ. ದೋಣಿಯೂ ಮುಂದೆ ಹೋಗಲಿಲ್ಲ. ಇನ್ನೊಂದು ಜಗ್ಗಿಗೆ ತುಂಡಾಗುವುದು ಖಂಡಿತ.

ಧುಡುಮ್ ಎಂದು ಸದ್ದಾಯಿತು. ವೀರಭದ್ರಪ್ಪ ದೋಣಿಯಲ್ಲಿರಲಿಲ್ಲ.

ಮೊದಲು ತೊಡೆ, ಆಮೇಲೆ ಸೊಂಟ, ಆಮೇಲೆ ಎದೆ. ಕೆಸರು ಅವರನ್ನು ನುಂಗುತ್ತಾ ಹೋಯಿತು. ದಾರ ಹಿಡಿದುಕೊಂಡೇ ಮುಂದೆ ತೆವಳಿದರು. ಗಿಡದ ಎಳೆಗಳು ಕೊರಳಿಗೆ ಸುತ್ತಿಕೊಂಡವು. ಜೊಂಡಿನ ಬುಡದಲ್ಲಿ ಕೈಗೆ ತಣ್ಣನೆಯ, ಜಾರುವ, ಒದ್ದಾಡುವ ಜೀವ ಸಿಕ್ಕಿತು. ಎರಡೂ ಕೈಯಲ್ಲಿ ತಬ್ಬಿದರು.

"ಕೋಲು ಹಿಡೀರಿ!" ಬಾಬಾಜಾನ್ ಕೋಲು ಚಾಚಿದರು. "ಮೀನು ಬಿಟ್ಟು ಕೋಲು ಹಿಡೀರಿ!"

ನೀರು ಗದ್ದ ಮುಟ್ಟಿತು.

"ಬಿಡ್ರೀ ಮಾರಾಯ್ರ, ಸಾಯ್ತೀರಿ!"

"ಒಮ್ಮೆ ಬಿಟ್ಟೀನ್ರಿ," ಎಂದರು ವೀರಭದ್ರಪ್ಪ. ನೀರು ಬಾಯಿಗೆ ಬಂತು.

ನಿಲೋಫರ್ ಲಂಗರಿನ ಹಗ್ಗಕ್ಕೆ ಕುಣಿಕೆ ಹಾಕಿ ಎಸೆದಳು. ತಪ್ಪಿತು. ಮತ್ತೆ ಎಸೆದಳು. ತಲೆ ದಾಟಿ ಬಿದ್ದ ಕುಣಿಕೆಗೆ ಅವರು ಮೀನು ಬಿಡದೆಯೇ ಒಂದೊಂದಾಗಿ ಮೊಣಕೈ ತೂರಿಸಿದರು. ಅಪ್ಪ ಮಗಳು ಕಾಲು ಕೊಟ್ಟು ಎಳೆದರು. ದೋಣಿ ವಾಲಿ ಒಂದು ಬಕೆಟ್ ನೀರು ಒಳಗೆ ಬಂತು. ಕೆಸರು ಒಂದು ಬೂಟು ಉಳಿಸಿಕೊಂಡು ಮನುಷ್ಯನನ್ನು ಕೊಟ್ಟಿತು.

ಮೀನು ದೋಣಿಯ ತಳದಲ್ಲಿ ಬಡಿದುಕೊಳ್ಳುತ್ತಿತ್ತು. ಬಾಬಾಜಾನ್ ಮರದ ಕೊಡತಿ ಎತ್ತಿಕೊಂಡರು.

"ಇಲ್ಲಿ ಕೊಡ್ರಿ," ಎಂದು ವೀರಭದ್ರಪ್ಪ ಕೈ ಚಾಚಿದರು. "ನನ್ನ ಕೆಲಸ ಅದು."

ಮೊದಲ ಏಟು ಮೆತ್ತಗೆ ಬಿತ್ತು. ಮೀನು ಬಾಯಿ ತೆರೆಯಿತು.

"ಹಾರ್ಡರ್, ಅಂಕಲ್. ಪ್ಲೀಸ್. ಅದಕ್ಕೆ ನೋವಾಗ್ತಿದೆ."

ಎರಡನೆಯ ಏಟಿಗೆ ಎಲ್ಲ ಸುಮ್ಮನಾಯಿತು.

ನಿಲೋಫರ್ ಅದನ್ನು ಮಗ್ಗುಲಾಗಿಸಿ ಹೊಟ್ಟೆ ಒತ್ತಿದಳು. ಹೊಟ್ಟೆ ಬರಿದಾಗಿದ್ದರೆ ಇಷ್ಟೆಲ್ಲ ವ್ಯರ್ಥ. ಹಳದಿ ರವೆಯಂತಹ ಮೊಟ್ಟೆ ಅವಳ ಅಂಗೈ ತುಂಬ ಸುರಿಯಿತು, ಸುರಿಯುತ್ತಲೇ ಇತ್ತು.

"ಫುಲ್," ಎಂದಳು ಅವಳು. "ಅಬ್ಬಾ, ಒಂದೂ ಇಟ್ಟಿಲ್ಲ."

ವಾಪಸ್ ಬರಲು ಎರಡು ಗಂಟೆ ಹಿಡಿಯಿತು. ವೀರಭದ್ರಪ್ಪ ಬಾಬಾಜಾನರ ಜಾಕೆಟ್ ಹೊದ್ದು ಹಲ್ಲು ಕಟಕಟಿಸುತ್ತಾ ಕೂತಿದ್ದರು. ಒಂದು ಸಲವೂ ಮೀನಿನಿಂದ ಕಣ್ಣು ತೆಗೆಯಲಿಲ್ಲ. ಗೆದ್ದೆವೆಂದು ಯಾರಿಗೂ ಅನ್ನಿಸಲಿಲ್ಲ. ಸೋಲಲಿಲ್ಲ, ಅಷ್ಟು ಸಾಕಾಗಿತ್ತು.

ದಡ ಮುಟ್ಟಿದಾಗ ಸೂರ್ಯ ದಿಬ್ಬದ ಅಂಚಿನಲ್ಲಿದ್ದ.

"ಅಂಕಲ್, ಇನ್ನೂ ಎರಡು ಗಂಡು ಇದಾವೆ. ನೆಕ್ಸ್ಟ್ ಸ್ಯಾಟರ್ಡೇ?"

"ಬರ್ತೀನವಾ." ವೀರಭದ್ರಪ್ಪ ಬಾಬಾಜಾನರ ಕಡೆ ತಿರುಗಿದರು. "ಅಣ್ಣಾ, ಈ ಕೈಲೆ ಸಂಜಿ ಪೂಜಿ ಹೆಂಗ ಮಾಡ್ಲಿ?"

ಬಾಬಾಜಾನ್ ಹಗ್ಗ ಸುತ್ತುತ್ತಿದ್ದರು. ದೊಡ್ಡ ಮಾತು ಅವರಿಗೆ ಬರುತ್ತಿರಲಿಲ್ಲ.

"ತೊಳಕೊಂಡು ಮಾಡ್ರಿ," ಎಂದರು. "ನಾನೂ ತೊಳಕೊಂಡೇ ನಮಾಜಿಗೆ ನಿಲ್ಲೋದು. ಬರ್ರಿ."

ಇಬ್ಬರೂ ನೀರಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ವೀರಭದ್ರಪ್ಪ ಮೊಣಕೈಯವರೆಗೆ ತಿಕ್ಕಿ ತೊಳೆದು ಮೂಸಿ ನೋಡಿದರು. ವಾಸನೆ ಹೋಗಿರಲಿಲ್ಲ. ಮತ್ತೊಮ್ಮೆ ತೊಳೆದರು.