ಪೊಕುವಾಳ ಸೊಂಟದಳತೆ

ಕುಮಾಸಿ ನಗರದಲ್ಲಿ ಮಾಮೆ ದುಫಿಯೆಯವರ ಹೊಲಿಗೆ ಅಂಗಡಿಯ ಗಿರಾಕಿಗಳನ್ನೆಲ್ಲ ಅಳತೆ ಸಮೇತ ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದಾಗಿತ್ತು. ಹಳೆಯ ಪುಸ್ತಕದಲ್ಲಿ ಅವರ ಮಗಳು ಪೊಕುವಾಳ ಹೆಸರೂ ಇತ್ತು. ಕಾಯಿಲೆಯಲ್ಲಿ ಸೊರಗಿ ಸೊರಗಿ ಕಳೆದ ವರ್ಷ ತೀರಿಕೊಂಡವಳು.

“ಇದನ್ನ ಬಿಟ್ಬಿಡ್ಲಾ, ಅಮ್ಮಾ?”

“ಬೇಡ ಮಗಾ, ಬರಿ. ಅವಳೂ ನನ್ನ ಗಿರಾಕೀನೇ.”

ಸೊಂಟ ಇಪ್ಪತ್ತೊಂದು ಇಂಚು ಅಂತ ಬರೆದೆ. ಮರುದಿನ ಮಧ್ಯಾಹ್ನ ತೆರೆದರೆ ಇಪ್ಪತ್ತೆರಡು. ತಿದ್ದಿದೆ. ಅದರ ಮಾರನೆಯ ದಿನ ಇಪ್ಪತ್ತಮೂರು. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬಳಿಗೇ. ಮೊಳೆಗೆ ನೇತುಹಾಕಿದ್ದ ಟೇಪು ಮುಟ್ಟಿದೆ. ಈಗಷ್ಟೇ ಯಾರದೋ ಮೈಯಿಂದ ಬಿಚ್ಚಿದ ಹಾಗೆ ಬೆಚ್ಚಗಿತ್ತು.

ಕಂಪ್ಯೂಟರಿನಲ್ಲಿದ್ದ ಅಳತೆಯನ್ನು ಮಾಮೆಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

“ಊಟ ಸೇರ್ತಾ ಇದೆ ಕಣೇ ಅವಳಿಗೆ,” ಅಂದವರೇ ಕಣ್ಣೊರೆಸಿಕೊಂಡು, ಹೊಸ ಬಟ್ಟೆ ಹರವಿ ಕತ್ತರಿ ಎತ್ತಿಕೊಂಡರು.

ಆಮೇಲೆ ನಾನು ತಿದ್ದಲು ಹೋಗಲಿಲ್ಲ. ನಿನ್ನೆ ನೋಡಿದಾಗ ಇಪ್ಪತ್ತೇಳಾಗಿತ್ತು.